ಡಯಾಲಿಸಿಸ್ ಕುರ್ಚಿಯಲ್ಲಿ ಚಾಚಿದ ಕಾಲನ್ನೂ ಪರೀಕ್ಷಿಸಿ: ಆರೋಗ್ಯ ಇಲಾಖೆಗೆ ಕೋಲಾರದಿಂದ ಒಂದು ಬಹಿರಂಗ ಪತ್ರ

ಇವರಿಗೆ,
ಆಯುಕ್ತರು, ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸೇವೆಗಳು, ಬೆಂಗಳೂರು
ಹಾಗೂ
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ಕೋಲಾರ

ಮಾನ್ಯರೇ,

ನಮ್ಮ ಜಿಲ್ಲೆಯ ಸರ್ಕಾರಿ ಡಯಾಲಿಸಿಸ್ ಕೇಂದ್ರಗಳಿಗೆ ವಾರಕ್ಕೆ ಎರಡು ಮೂರು ಬಾರಿ ಬಂದುಹೋಗುವ ರೋಗಿಗಳ ಅಪಧಮನಿಗಳನ್ನು, ಮುಖ್ಯವಾಗಿ ಕಾಲಿನ ರಕ್ತನಾಳಗಳನ್ನು, ನೋವು ಗಾಯಗಳು ಕಾಣಿಸಿಕೊಳ್ಳುವ ಮೊದಲೇ ಅದೇ ಕೇಂದ್ರದಲ್ಲಿ ನಿಗದಿತ ಅವಧಿಗೊಮ್ಮೆ ಪರೀಕ್ಷಿಸಿ, ಕಂಡದ್ದನ್ನು ಅವರ ಡಯಾಲಿಸಿಸ್ ಪುಸ್ತಕದಲ್ಲಿ ಬರೆದಿಡುವ ವ್ಯವಸ್ಥೆಯಾಗಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ. ನಾನು ವೈದ್ಯಳಲ್ಲ. ಮುಳಬಾಗಿಲು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವವಳು, ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವ ತಂದೆಯ ಮಗಳು. ಇಲ್ಲಿ ಬರೆದಿರುವ ವೈದ್ಯಕೀಯ ಸಂಗತಿಗಳು ತಮ್ಮ ಇಲಾಖೆಯ ಮೂತ್ರಪಿಂಡ ತಜ್ಞರಿಗೆ ಹೊಸವಲ್ಲ ಎಂಬುದೂ ನನಗೆ ಗೊತ್ತಿದೆ. ತಜ್ಞರಿಗೆ ಗೊತ್ತಿರುವುದು ತಾಲ್ಲೂಕು ಆಸ್ಪತ್ರೆಯ ಡಯಾಲಿಸಿಸ್ ಕೋಣೆಯವರೆಗೆ ಬಂದು ತಲುಪಿಲ್ಲ ಎಂಬುದೇ ನನ್ನ ಅಹವಾಲು.

ಕಿಡ್ನಿ ಕೈಕೊಟ್ಟವರು ಕಿಡ್ನಿಯಿಂದಲೇ ತೀರಿಕೊಳ್ಳುತ್ತಾರೆ ಎಂದು ನಮ್ಮ ಕಡೆ ಎಲ್ಲರೂ ಭಾವಿಸಿದ್ದಾರೆ. ಡಯಾಲಿಸಿಸ್ ತಪ್ಪದೆ ಸಿಗುತ್ತಿರುವವರೆಗೆ ಕಿಡ್ನಿಯ ಕೆಲಸವನ್ನು ಯಂತ್ರ ಒಂದು ಮಟ್ಟಿಗಾದರೂ ಮಾಡಿಕೊಂಡು ಹೋಗುತ್ತದೆ. ಈ ರೋಗಿಗಳ ಸಾವಿನ ಕಾರಣಗಳಲ್ಲಿ ಮೊದಲ ಸ್ಥಾನದಲ್ಲಿರುವುದು ಹೃದಯ ಮತ್ತು ರಕ್ತನಾಳಗಳ ಕಾಯಿಲೆ. ಫೋಲಿ ಮತ್ತು ಅವರ ಸಹೋದ್ಯೋಗಿಗಳು 1998ರಲ್ಲಿಯೇ ಪ್ರಕಟಿಸಿದ ಪ್ರಸಿದ್ಧ ವಿಶ್ಲೇಷಣೆಯ ಪ್ರಕಾರ, ವಯಸ್ಸು ಲಿಂಗಗಳ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಡಯಾಲಿಸಿಸ್ ರೋಗಿಗಳಲ್ಲಿ ಹೃದಯ-ರಕ್ತನಾಳ ಕಾಯಿಲೆಯಿಂದಾಗುವ ಸಾವು ಉಳಿದ ಜನರಿಗಿಂತ 10ರಿಂದ 20 ಪಟ್ಟು ಹೆಚ್ಚು. ವಯಸ್ಸಾದವರ ಮಾತು ಹಾಗಿರಲಿ. 2000ದಲ್ಲಿ ಗುಡ್‌ಮನ್ ಮತ್ತಿತರರು ಡಯಾಲಿಸಿಸ್‌ನಲ್ಲಿದ್ದ ಎಳೆಯರ ಹೃದಯದ ಅಪಧಮನಿಗಳನ್ನು ವಿಶೇಷ ಸಿ.ಟಿ. ಸ್ಕ್ಯಾನಿನಲ್ಲಿ ನೋಡಿದಾಗ, 20 ವರ್ಷದೊಳಗಿನ 23 ಜನರಲ್ಲಿ ಒಬ್ಬರಲ್ಲಿಯೂ ಸುಣ್ಣದಂಶ (ಕ್ಯಾಲ್ಸಿಯಂ) ಕಟ್ಟಿರಲಿಲ್ಲ. 20ರಿಂದ 30 ವರ್ಷದೊಳಗಿನ 16 ಜನರಲ್ಲಿ 14 ಮಂದಿಯಲ್ಲಿ ಕಟ್ಟಿತ್ತು. ಇಪ್ಪತ್ತೈದರ ಹುಡುಗನ ಹೃದಯದ ರಕ್ತನಾಳದಲ್ಲಿ ಸುಣ್ಣ! ಈ ಸಾಲನ್ನು ಓದಿದ ದಿನದಿಂದ ತಂದೆಯ ಪಕ್ಕದ ಕುರ್ಚಿಯಲ್ಲಿ ಮೊಬೈಲ್ ನೋಡುತ್ತ ಕೂರುವ ಯುವಕನ ಮುಖ ನೋಡಿದಾಗಲೆಲ್ಲ ನನಗೆ ಕಳವಳವಾಗುತ್ತದೆ.

ಇದು ಹೇಗೆ ಆಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಪರೀಕ್ಷೆ ಯಾವುದಿರಬೇಕು ಎಂಬುದು ಅದರ ಮೇಲೆಯೇ ನಿಂತಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೀಡಿ ಸಿಗರೇಟು, ಕೊಬ್ಬು ಇವುಗಳಿಂದ ಅಪಧಮನಿಯ ಒಳಪದರದಲ್ಲಿ ಕೊಬ್ಬಿನ ಗಡ್ಡೆ ಬೆಳೆದು ದಾರಿ ಕಿರಿದಾಗುವುದು ಎಲ್ಲರಲ್ಲಿಯೂ ಕಾಣುವ ರೋಗ. ಕಿಡ್ನಿ ರೋಗಿಗಳಲ್ಲಿ ಅದರ ಜೊತೆಗೆ ಇನ್ನೊಂದು ನಡೆಯುತ್ತದೆ. ಮೂತ್ರದಲ್ಲಿ ಹೊರಹೋಗಬೇಕಾದ ರಂಜಕ (ಫಾಸ್ಫರಸ್) ರಕ್ತದಲ್ಲಿಯೇ ಉಳಿಯುತ್ತದೆ. ನಾಲ್ಕು ಗಂಟೆಯ ಡಯಾಲಿಸಿಸ್ ಅದನ್ನು ಪೂರ್ತಿ ತೆಗೆಯಲಾರದು. ರಂಜಕ ಹೆಚ್ಚಾಗಿ, ರಕ್ತದ ಕ್ಯಾಲ್ಸಿಯಂ ಮಟ್ಟ ಕಾಯುವ ಪ್ಯಾರಾಥೈರಾಯ್ಡ್ ಹಾರ್ಮೋನು ಏರುಪೇರಾಗಿ, ಅಪಧಮನಿಯ ನಡುಪದರದಲ್ಲಿರುವ ಸ್ನಾಯುಕೋಶಗಳು ಮೂಳೆಯ ಕೋಶಗಳ ಗುಣ ಪಡೆಯಲು ತೊಡಗುತ್ತವೆ. ಹೀಗೆ ರಕ್ತನಾಳದ ಗೋಡೆಯಲ್ಲಿಯೇ ಸುಣ್ಣದಂಶ ಕಟ್ಟಿಕೊಂಡು, ಪ್ರತಿ ಬಡಿತಕ್ಕೂ ಹಿಗ್ಗಿ ಕುಗ್ಗಬೇಕಾದ ನಾಳ ಗಡುಸಾಗುತ್ತದೆ. ಆ ಗಡುಸು ನಾಳದೊಳಕ್ಕೆ ರಕ್ತ ನೂಕಲು ಹೃದಯ ಹೆಣಗಬೇಕು, ಹೆಣಗಿ ಹೆಣಗಿ ಅದರ ಎಡ ಕೋಣೆಯ ಗೋಡೆ ದಪ್ಪಗಾಗಬೇಕು. 1999ರಲ್ಲಿ ಫ್ರಾನ್ಸಿನ ಬ್ಲಾಶೆ, ಜೆರಾರ್ ಲಂಡನ್ ಮೊದಲಾದ ವೈದ್ಯರು 241 ಡಯಾಲಿಸಿಸ್ ರೋಗಿಗಳ ಮಹಾಪಧಮನಿಯಲ್ಲಿ ನಾಡಿಯ ಅಲೆ ಎಷ್ಟು ವೇಗವಾಗಿ ಓಡುತ್ತದೆ ಎಂದು ಅಳೆದು, ಆ ವೇಗ ಹೆಚ್ಚಾದಷ್ಟೂ, ಅಂದರೆ ನಾಳ ಗಡುಸಾದಷ್ಟೂ, ರೋಗಿ ಬದುಕುಳಿಯುವ ಸಾಧ್ಯತೆ ಕಡಿಮೆಯೆಂದು ತೋರಿಸಿದರು.

ಹಾಗಿದ್ದರೆ ರೋಗಿಗೆ ಇದು ಮೊದಲೇ ಗೊತ್ತಾಗಬೇಕಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಗೊತ್ತಾಗುವುದಿಲ್ಲ. ಕಾಲಿಗೆ ರಕ್ತ ಸಾಲದೆ ಹೋದಾಗ ಬೇರೆಯವರಿಗೆ ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ. ಡಯಾಲಿಸಿಸ್ ರೋಗಿ ಅಷ್ಟು ದೂರ ನಡೆಯುವುದೇ ಇಲ್ಲ. ಮನೆಯಿಂದ ಆಟೋ, ಆಟೋದಿಂದ ಬಸ್ಸು, ಬಸ್ಸಿನಿಂದ ಕುರ್ಚಿ. ಸಕ್ಕರೆ ಕಾಯಿಲೆಯಿಂದ ಪಾದದ ನರಗಳು ಜೋಮು ಹಿಡಿದಿದ್ದರೆ ನೋವೇ ತಿಳಿಯದು. ಕಾಲು ಸೆಳೆಯುತ್ತದೆ ಎಂದು ಬಾಯಿಬಿಟ್ಟು ಹೇಳಿದರೂ, ನೀರು ತೆಗೆದಾಗ ಸೆಳೆತ ಬರುವುದು ಸಹಜ ಎಂಬ ಉತ್ತರ ಸಿದ್ಧವಾಗಿರುತ್ತದೆ, ಮತ್ತು ಅನೇಕ ಸಲ ಅದು ನಿಜವೂ ಆಗಿರುತ್ತದೆ. ಹೃದಯದ ವಿಷಯದಲ್ಲಿಯೂ ಹೀಗೆಯೇ: ಎದೆನೋವಿನ ಬದಲು ಆಯಾಸ, ಏದುಸಿರು, ಡಯಾಲಿಸಿಸ್ ನಡುವೆ ಬಿ.ಪಿ. ಕುಸಿಯುವುದು ಕಾಣಿಸಿಕೊಳ್ಳುತ್ತದೆ, ಅದನ್ನು ಎಲ್ಲರೂ ಕಿಡ್ನಿಯ ಲೆಕ್ಕಕ್ಕೆ ಬರೆದುಬಿಡುತ್ತಾರೆ.

ನನ್ನ ತಂದೆಯವರ ವಿಷಯವನ್ನು ಇಲ್ಲಿ ಹೇಳುವುದು ಯಾವುದೇ ಆಸ್ಪತ್ರೆಯನ್ನೋ ಸಿಬ್ಬಂದಿಯನ್ನೋ ದೂರುವುದಕ್ಕಲ್ಲ. ಆ ಕೇಂದ್ರದ ಸಿಸ್ಟರ್‌ಗಳು, ಟೆಕ್ನೀಷಿಯನ್ನರು ಅವರನ್ನು ಮನೆಯವರಂತೆ ನೋಡಿಕೊಂಡಿದ್ದಾರೆ. ಡಯಾಲಿಸಿಸ್‌ಗೆಂದು ಕೈಯಲ್ಲಿ ಅಪಧಮನಿಯನ್ನೂ ಅಭಿಧಮನಿಯನ್ನೂ ಜೋಡಿಸಿ ಮಾಡಿದ ಫಿಸ್ಟುಲಾಕ್ಕೆ ಸೂಜಿ ಹಾಕುವ ಅವರ ಕೈ ಎಷ್ಟು ಹಗುರವೆಂದು ತಂದೆ ಊರಿಗೆಲ್ಲ ಹೇಳುತ್ತಾರೆ. ಪ್ರತಿ ಸಲವೂ ತೂಕ ನೋಡುತ್ತಿದ್ದರು, ಬಿ.ಪಿ. ನೋಡುತ್ತಿದ್ದರು, ಎಷ್ಟು ನೀರು ತೆಗೆಯಬೇಕೆಂದು ಲೆಕ್ಕ ಹಾಕುತ್ತಿದ್ದರು. ಆದರೆ ಚಳಿಯಾಗುತ್ತದೆಂದು ಮನೆಯಿಂದ ಒಯ್ದು ಹೊದಿಸಿದ ಕಂಬಳಿಯನ್ನು ಪಾದದ ಕಡೆಯಿಂದ ಎತ್ತಿ ನೋಡುವುದು ಯಾರ ಕೆಲಸದ ಪಟ್ಟಿಯಲ್ಲಿಯೂ ಇರಲಿಲ್ಲ. ರಾತ್ರಿ ಹೊತ್ತು ತಂದೆ ಬಲಗಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟುಕೊಂಡು ಮಲಗಲು ಶುರುಮಾಡಿದರು. ಹಾಗೆ ಬಿಟ್ಟರೆ ಹಿತವಾಗಿರುತ್ತದೆ ಎನ್ನುತ್ತಿದ್ದರು. ಕೆಳಕ್ಕೆ ಇಳಿಬಿಟ್ಟ ಕಾಲಿಗೆ ಭೂಮಿಯ ಸೆಳೆತದಿಂದ ತುಸು ಹೆಚ್ಚು ರಕ್ತ ಇಳಿಯುತ್ತದೆ, ಆದ್ದರಿಂದ ನೋವು ತಗ್ಗುತ್ತದೆ, ಇದು ಅಪಧಮನಿ ಬಹಳ ಮಟ್ಟಿಗೆ ಕಟ್ಟಿಕೊಂಡಿರುವುದರ ಗುರುತು ಎಂದು ನಮಗೆ ಮುಂದೆ ಬೆಂಗಳೂರಿನ ರಕ್ತನಾಳ ತಜ್ಞರು ವಿವರಿಸಿದರು. ಅಷ್ಟರಲ್ಲಿ ಚಪ್ಪಲಿಯ ಪಟ್ಟಿ ಉಜ್ಜಿ ಹೆಬ್ಬೆರಳ ಪಕ್ಕ ಆಗಿದ್ದ ಸಣ್ಣ ಗಾಯ ಮಾಯದೆ, ಅಂಚು ಕಪ್ಪಗಾಗಿ, ಬೆರಳಿಗೇ ಹರಡಿತ್ತು. ಕೊನೆಗೆ ಅರ್ಧ ಪಾದವನ್ನು ತೆಗೆಯಬೇಕಾಯಿತು.

ಆ ತಜ್ಞರ ಕೋಣೆಯಲ್ಲಿ ನಡೆದ ಪರೀಕ್ಷೆಯನ್ನು ನಾನು ಹತ್ತಿರದಿಂದ ನೋಡಿದೆ. ತಂದೆಯನ್ನು ಅಂಗಾತ ಮಲಗಿಸಿ, ಸ್ವಲ್ಪ ಹೊತ್ತು ಸುಮ್ಮನಿರಲು ಬಿಟ್ಟು, ಫಿಸ್ಟುಲಾ ಇಲ್ಲದ ತೋಳಿನಲ್ಲಿ ಬಿ.ಪಿ. ನೋಡಿದರು: 150. ಆಮೇಲೆ ಅದೇ ಬಿ.ಪಿ. ಪಟ್ಟಿಯನ್ನು ಕಣಕಾಲಿನ ಮೇಲೆ ಸುತ್ತಿ, ಒಳಮಗ್ಗುಲ ಮೂಳೆಯ ಹಿಂದೆ ಜೆಲ್ ಹಚ್ಚಿ, ರಕ್ತದ ಹರಿವನ್ನು ಸದ್ದಾಗಿ ಕೇಳಿಸುವ ಪೆನ್ನಿನಂಥ ಡಾಪ್ಲರ್ ಇಟ್ಟರು. ನಾಡಿಯ ಸದ್ದು ಕೇಳಿಸಿತು. ಪಟ್ಟಿಗೆ ಗಾಳಿ ತುಂಬುತ್ತ ಹೋದರೆ ಒಂದು ಹಂತದಲ್ಲಿ ಅಪಧಮನಿ ಅದುಮಿಕೊಂಡು ಆ ಸದ್ದು ನಿಲ್ಲಬೇಕು. 220 ದಾಟಿದರೂ ನಿಲ್ಲಲಿಲ್ಲ. ಸುಣ್ಣ ಕಟ್ಟಿದ ನಾಳವನ್ನು ಹೊರಗಿನಿಂದ ಅದುಮುವುದೆಂದರೆ ಬೋರ್‌ವೆಲ್ಲಿನ ಕಬ್ಬಿಣದ ಕೇಸಿಂಗ್ ಪೈಪಿಗೆ ಬಟ್ಟೆ ಸುತ್ತಿ ಹಿಂಡಿದ ಹಾಗೆ. ಬಳಿಕ ಕಾಲಿನ ಹೆಬ್ಬೆರಳಿಗೆ ಪುಟ್ಟ ಪಟ್ಟಿಯೊಂದನ್ನು ಸುತ್ತಿ, ಬೆಳಕಿನ ಸಂವೇದಕದಿಂದ ಅಲ್ಲಿಯ ಒತ್ತಡ ನೋಡಿದರು: 45. ಕಣಕಾಲಿನ ಲೆಕ್ಕ ಕಾಲಿಗೆ ರಕ್ತ ಬೇಕಾದಷ್ಟಿದೆ ಎಂದು ಹೇಳುತ್ತಿದ್ದಾಗ, ಬೆರಳಿನ ಲೆಕ್ಕ ಅದು ಮೂರರಲ್ಲೊಂದು ಪಾಲಿಗೂ ಕಡಿಮೆಯೆಂದು ತೋರಿಸಿತು. ಇಷ್ಟಕ್ಕೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಒಂದು ಸೂಜಿಯನ್ನೂ ಚುಚ್ಚಲಿಲ್ಲ.

ಕಣಕಾಲಿನ ಒತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಿದರೆ ಬರುವ ಸಂಖ್ಯೆಯನ್ನೇ ವೈದ್ಯರು ಎಬಿಐ ಎನ್ನುತ್ತಾರೆ. ಅದು 0.9 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಕಾಲಿನ ಅಪಧಮನಿ ಕಿರಿದಾಗಿದೆ ಎಂದು ಅರ್ಥ. ಆರೋಗ್ಯವಂತರಲ್ಲಿ 1ರಿಂದ 1.4ರ ಒಳಗಿರುತ್ತದೆ. 1.4ಕ್ಕಿಂತ ಹೆಚ್ಚಿದ್ದರೆ ಕೂಡ ಅದು ಕಾಯಿಲೆಯೇ, ನಾಳ ಗಡುಸಾಗಿದೆ ಎಂಬ ಸೂಚನೆ. ಡಯಾಲಿಸಿಸ್ ರೋಗಿಗಳಲ್ಲಿ ಇದು ಅಪರೂಪವಲ್ಲ. ಇನ್ನೂ ಕಷ್ಟದ ಸಂಗತಿಯೆಂದರೆ, ಕಿರಿದಾದ ನಾಳ ಗಡುಸೂ ಆದಾಗ ಎರಡು ದೋಷಗಳು ಒಂದನ್ನೊಂದು ಮರೆಮಾಡಿ ಸಂಖ್ಯೆ ಸಹಜವೆಂಬಂತೆ ಕಾಣುತ್ತದೆ. ಆದ್ದರಿಂದಲೇ ಈ ರೋಗಿಗಳಿಗೆ ಕಣಕಾಲಿನ ಅಳತೆಯೊಂದೇ ಸಾಲದು, ಕಾಲ್ಬೆರಳಿನ ಅಳತೆಯೂ ಬೇಕು. ಬೆರಳಿನ ಸಣ್ಣ ನಾಳಗಳಲ್ಲಿ ಸುಣ್ಣ ಕಟ್ಟುವುದು ಕಡಿಮೆ. ಅಲ್ಲಿಯ ಅನುಪಾತ 0.7ಕ್ಕಿಂತ ಕೆಳಗಿದ್ದರೆ ಎಚ್ಚರಿಕೆ ತೆಗೆದುಕೊಳ್ಳಬೇಕು. ಸಕ್ಕರೆ ಕಾಯಿಲೆಯವರ ಶಿಬಿರಗಳಲ್ಲಿ ಬಳಸುವ ಎಬಿಐ ವಿಧಾನವನ್ನು ಹಾಗೆಯೇ ಎತ್ತಿ ತಂದು ಡಯಾಲಿಸಿಸ್ ಕೋಣೆಯಲ್ಲಿ ಇಟ್ಟರೆ, ಕಾಯಿಲೆ ಇರುವವರಿಗೂ ಏನೂ ಇಲ್ಲವೆಂದು ಬರೆದು ಕಳಿಸಿದಂತಾಗುತ್ತದೆ ಎಂಬುದನ್ನು ತಾವು ದಯವಿಟ್ಟು ಗಮನಿಸಬೇಕು.

ಉಪಕರಣ ಬರುವ ತನಕ ಕಾಯಬೇಕಾಗಿಯೂ ಇಲ್ಲ. ಪಾದದ ಮೇಲ್ಭಾಗದಲ್ಲಿ ಒಂದು ನಾಡಿ, ಒಳ ಕಣಕಾಲಿನ ಮೂಳೆಯ ಹಿಂದೆ ಇನ್ನೊಂದು ನಾಡಿ. ಎರಡನ್ನೂ ಬೆರಳಿಟ್ಟು ನೋಡುವುದನ್ನು ಯಾವ ಸಿಸ್ಟರ್ ಬೇಕಾದರೂ ಕಲಿಯಬಹುದು. ಪಾದದ ಮೇಲಿನ ನಾಡಿ ಕೆಲವು ಆರೋಗ್ಯವಂತರಲ್ಲಿಯೂ ಸಿಗುವುದಿಲ್ಲ, ಆದ್ದರಿಂದ ಎರಡನ್ನೂ ನೋಡಬೇಕು. ಒಂದು ಪಾದ ಇನ್ನೊಂದಕ್ಕಿಂತ ತಣ್ಣಗಿದೆಯೇ, ಚರ್ಮ ಕೂದಲುದುರಿ ನಯವಾಗಿ ಹೊಳೆಯುತ್ತಿದೆಯೇ, ಎತ್ತಿ ಹಿಡಿದರೆ ಬಿಳಿಚಿ ಇಳಿಬಿಟ್ಟರೆ ಕೆಂಪಾಗುತ್ತದೆಯೇ, ಬೆರಳ ಸಂದಿಯಲ್ಲಿ, ಹಿಮ್ಮಡಿಯಲ್ಲಿ ಗಾಯವಿದೆಯೇ ಎಂದು ನೋಡುವುದಕ್ಕೆ ಬೇಕಾದದ್ದು ಬೆಳಕು ಮತ್ತು ಐದು ನಿಮಿಷ. ಅಮೆರಿಕದ ಕಿಡ್ನಿ ಚಿಕಿತ್ಸಾ ಮಾರ್ಗಸೂಚಿಯಾದ ಕೆಡಿಓಕ್ಯೂಐ 2005ರಲ್ಲಿಯೇ ಹೇಳಿದೆ: ಡಯಾಲಿಸಿಸ್ ಶುರುವಾಗುವಾಗಲೇ ಪ್ರತಿಯೊಬ್ಬ ರೋಗಿಯ ನಾಡಿಗಳನ್ನೂ ಚರ್ಮವನ್ನೂ ನೋಡಿ ಕಾಲಿನ ರಕ್ತನಾಳದ ಕಾಯಿಲೆ ಇದೆಯೇ ಎಂದು ನಿರ್ಧರಿಸಬೇಕು, ಎಕೋ (ಹೃದಯದ ಅಲ್ಟ್ರಾಸೌಂಡ್) ಪರೀಕ್ಷೆಯನ್ನು ಆರಂಭದಲ್ಲಿ, ಹೆಚ್ಚುವರಿ ನೀರೆಲ್ಲ ತೆಗೆದು ಒಣ ತೂಕಕ್ಕೆ ಬಂದ ಮೇಲೆ, ಆಮೇಲೆ ಮೂರು ವರ್ಷಕ್ಕೊಮ್ಮೆ ಮಾಡಬೇಕು.

ಎಕ್ಸ್-ರೇಯ ಮಾತಿಗೆ ಬರುತ್ತೇನೆ. ಸುಣ್ಣದಂಶವನ್ನು ನಿಖರವಾಗಿ ಅಳೆಯಲು ಸಿ.ಟಿ. ಸ್ಕ್ಯಾನ್ ಬೇಕು, ನಿಜ. ಆದರೆ ಕಿಡ್ನಿ ಕಾಯಿಲೆಗಳ ಅಂತರರಾಷ್ಟ್ರೀಯ ಸಂಸ್ಥೆ ಕೆಡಿಐಜಿಓದ ಮಾರ್ಗಸೂಚಿ 2009ರಲ್ಲಿ ಹೇಳಿ 2017ರಲ್ಲಿಯೂ ಉಳಿಸಿಕೊಂಡಿರುವಂತೆ, ಹೊಟ್ಟೆಯ ಪಕ್ಕದ ಭಂಗಿಯ ಒಂದು ಸಾಧಾರಣ ಎಕ್ಸ್-ರೇ ಮತ್ತು ಹೃದಯದ ಕವಾಟಗಳಿಗಾಗಿ ಎಕೋ, ಸಿ.ಟಿ.ಗೆ ಬದಲಾಗಿ ಒಪ್ಪಬಹುದಾದ ಪರೀಕ್ಷೆಗಳು. ಸೊಂಟದ ಮೊದಲ ನಾಲ್ಕು ಕಶೇರುಗಳ ಮುಂದೆ ಹಾದುಹೋಗುವ ಮಹಾಪಧಮನಿಯ ಎದುರಿನ ಮತ್ತು ಹಿಂದಿನ ಗೋಡೆಗಳಲ್ಲಿ ಬಿಳಿಗೆರೆ ಎಷ್ಟಿದೆಯೆಂದು ನೋಡಿ, 0ಯಿಂದ 24ರವರೆಗೆ ಅಂಕ ಕೊಡುವ ಕೌಪ್ಪಿಲ ವಿಧಾನ 1997ರಿಂದ ಬಳಕೆಯಲ್ಲಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಬೆನ್ನುನೋವಿಗೆಂದು ತೆಗೆಯುವ ಎಕ್ಸ್-ರೇಗೂ ಇದಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ಅದನ್ನು ಈ ಕಣ್ಣಿನಿಂದ ಓದುವವರು ಬೇಕು, ಅಷ್ಟೇ.

ಓದಿದ ಮೇಲೆ ಮಾಡಬೇಕಾದದ್ದೇನು ಎಂಬುದರಲ್ಲಿಯೇ ಈ ಪರೀಕ್ಷೆಯ ಬೆಲೆಯಿದೆ. ಸುಣ್ಣ ಕಟ್ಟಲು ತೊಡಗಿದೆ ಎಂದು ಕಂಡರೆ ವೈದ್ಯರು ರಂಜಕ ಕಡಿಮೆ ಮಾಡುವ ಕ್ಯಾಲ್ಸಿಯಂ ಮಾತ್ರೆಗಳ ಪ್ರಮಾಣವನ್ನು ತಗ್ಗಿಸಿ, ಸೆವೆಲಮರ್‌ನಂಥ ಕ್ಯಾಲ್ಸಿಯಂ ಇಲ್ಲದ ಔಷಧಿ ಕೊಡಬಹುದು. ವಿಟಮಿನ್ ಡಿ ಪ್ರಮಾಣವನ್ನು ಮತ್ತೊಮ್ಮೆ ನೋಡಬಹುದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಕೊಡಬೇಕಾಗಿ ಬಂದರೆ ಎರಡು ಸಲ ಯೋಚಿಸಬಹುದು. ಇಲ್ಲಿ ನಾನು ಕಂಡದ್ದೊಂದನ್ನು ಹೇಳಲೇಬೇಕು. ಡಯಾಲಿಸಿಸ್ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತ ಎಷ್ಟೋ ಮಂದಿ ಆ ಕ್ಯಾಲ್ಸಿಯಂ ಮಾತ್ರೆಯನ್ನು ಮೂಳೆ ಗಟ್ಟಿಯಾಗಲು ಕೊಟ್ಟದ್ದೆಂದು ತಿಳಿದು ರಾತ್ರಿ ಮಲಗುವಾಗ ನುಂಗುತ್ತಾರೆ. ಊಟದ ಜೊತೆ ತೆಗೆದುಕೊಂಡರೆ ಮಾತ್ರ ಅದು ಆಹಾರದ ರಂಜಕವನ್ನು ಹಿಡಿದಿಡುತ್ತದೆ. ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೆ ರಂಜಕ ಇಳಿಯುವುದಿಲ್ಲ, ಮೈಗೆ ಕ್ಯಾಲ್ಸಿಯಂ ಮಾತ್ರ ಸೇರುತ್ತದೆ. ಮುದ್ದೆ, ಹುರುಳಿ ಸಾರು, ಅವರೆಕಾಳು, ಹಾಲು ಇವೇ ನಮ್ಮ ಊಟ, ಎಲ್ಲದರಲ್ಲಿಯೂ ರಂಜಕವಿದೆ. ಹಾಲಿನ ಡೇರಿಯಿಲ್ಲದ ಹಳ್ಳಿ ಈ ಜಿಲ್ಲೆಯಲ್ಲಿ ಸಿಗುವುದು ಕಷ್ಟ. ಕಾಳುಗಳಲ್ಲಿರುವ ರಂಜಕಕ್ಕಿಂತ ಪ್ಯಾಕೆಟ್ ತಿನಿಸುಗಳಿಗೂ ಬಣ್ಣದ ಪಾನೀಯಗಳಿಗೂ ಬೆರೆಸುವ ರಂಜಕವನ್ನೇ ದೇಹ ಹೆಚ್ಚು ಹೀರಿಕೊಳ್ಳುತ್ತದೆ ಎಂಬುದನ್ನು ನಮ್ಮ ಜನರಿಗೆ ನಮ್ಮ ಮಾತಿನಲ್ಲಿ, ಅಗತ್ಯವಿದ್ದಲ್ಲಿ ತೆಲುಗಿನಲ್ಲಿಯೂ, ಕೂರಿಸಿಕೊಂಡು ಹೇಳುವ ಆಹಾರ ತಜ್ಞರು ತಿಂಗಳಿಗೊಮ್ಮೆಯಾದರೂ ಬರಬೇಕು. ರಂಜಕ, ಕ್ಯಾಲ್ಸಿಯಂ ರಕ್ತಪರೀಕ್ಷೆ ಒಂದರಿಂದ ಮೂರು ತಿಂಗಳಿಗೊಮ್ಮೆ, ಪ್ಯಾರಾಥೈರಾಯ್ಡ್ ಹಾರ್ಮೋನಿನದು ಮೂರರಿಂದ ಆರು ತಿಂಗಳಿಗೊಮ್ಮೆ ಆಗಬೇಕೆಂದು ಕೆಡಿಐಜಿಓ ಹೇಳುತ್ತದೆ. ಈ ಪರೀಕ್ಷೆಗಳಿಗೆ ಹೊರಗಿನ ಲ್ಯಾಬಿಗೆ ಚೀಟಿ ಬರೆದುಕೊಟ್ಟರೆ ಬಡ ರೋಗಿಗಳು ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋಗುತ್ತಾರೆ.

ಎಲ್ಲರಿಗೂ ಆಂಜಿಯೋಗ್ರಾಂ ಮಾಡಿಸಿ ಎಂದು ನಾನು ಕೇಳುತ್ತಿಲ್ಲ, ಕೇಳಲೂಬಾರದು. 2020ರಲ್ಲಿ ಪ್ರಕಟವಾದ ಇಸ್ಕೀಮಿಯಾ-ಸಿಕೆಡಿ ಅಧ್ಯಯನದಲ್ಲಿ, ತೀವ್ರ ಕಿಡ್ನಿ ಕಾಯಿಲೆಯ ಜೊತೆ ಸ್ಥಿರವಾದ ಹೃದಯದ ಅಪಧಮನಿ ಕಾಯಿಲೆಯೂ ಇದ್ದ 777 ಜನರನ್ನು ಎರಡು ಗುಂಪು ಮಾಡಿ ನೋಡಿದಾಗ, ಮೊದಲೇ ಆಂಜಿಯೋಗ್ರಾಂ ಮಾಡಿ ಸ್ಟೆಂಟ್ ಅಥವಾ ಬೈಪಾಸ್‌ಗೆ ಮುಂದಾದದ್ದರಿಂದ ಔಷಧಿ ಚಿಕಿತ್ಸೆಗಿಂತ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಕೊಬ್ಬಿಳಿಸುವ ಸ್ಟ್ಯಾಟಿನ್ ಮಾತ್ರೆಗಳ ಕಥೆಯೂ ಹೀಗೆಯೇ: 2005ರ 4ಡಿ, 2009ರ ಅರೋರಾ ಅಧ್ಯಯನಗಳಲ್ಲಿ ಡಯಾಲಿಸಿಸ್‌ಗೆ ಬಂದ ಮೇಲೆ ಹೊಸದಾಗಿ ಅವನ್ನು ಶುರುಮಾಡಿದವರಿಗೆ ನಿರೀಕ್ಷಿಸಿದ ಲಾಭವಾಗಲಿಲ್ಲ, ಆದ್ದರಿಂದ ಮೊದಲಿನಿಂದ ತೆಗೆದುಕೊಳ್ಳುತ್ತಿದ್ದವರು ಮುಂದುವರಿಸಲಿ, ಹೊಸಬರಿಗೆ ವಾಡಿಕೆಯಾಗಿ ಶುರುಮಾಡುವುದು ಬೇಡ ಎಂಬುದು ಕೆಡಿಐಜಿಓದ 2013ರ ಸಲಹೆ. ಹಾಗಿದ್ದ ಮೇಲೆ ಮೊದಲೇ ಪತ್ತೆ ಮಾಡಿ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ನನ್ನನ್ನು ಒಬ್ಬ ವೈದ್ಯರೇ ಕೇಳಿದ್ದಾರೆ. ಕಾಲಿನ ವಿಷಯದಲ್ಲಿ ಪ್ರಯೋಜನ ಕಣ್ಣೆದುರಿಗೇ ಇದೆ. ಯಾರ ಪಾದಕ್ಕೆ ರಕ್ತ ಕಡಿಮೆಯೆಂದು ಗೊತ್ತಿದೆಯೋ ಅವರ ಉಗುರು ಕತ್ತರಿಸುವುದನ್ನೂ ಚಪ್ಪಲಿ ಆರಿಸುವುದನ್ನೂ ಬೇರೆ ರೀತಿ ಮಾಡಬಹುದು, ಬೀಡಿ ಬಿಡಿಸಲು ಗಟ್ಟಿ ಕಾರಣ ಸಿಗುತ್ತದೆ, ಡಯಾಲಿಸಿಸ್ ನಡುವೆ ಅವರ ಬಿ.ಪಿ. ಕುಸಿಯದಂತೆ ನೀರನ್ನು ನಿಧಾನವಾಗಿ ತೆಗೆಯಬಹುದು, ಸಣ್ಣ ಗಾಯವಾದ ಕೂಡಲೇ ಮುಲಾಮಿನಲ್ಲಿ ಕಾಲ ಕಳೆಯದೆ ರಕ್ತನಾಳ ತಜ್ಞರ ಬಳಿಗೆ ಕಳಿಸಬಹುದು. ಗಾಯ ಹೊಸದಿದ್ದಾಗ ಬಲೂನು ಹಾಕಿ ನಾಳ ತೆರೆದು ಪಾದ ಉಳಿಸುವ ಅವಕಾಶವಿರುತ್ತದೆ. ಕಪ್ಪಾದ ಮೇಲೆ ಕತ್ತರಿಸುವುದು ಎಲ್ಲಿಯವರೆಗೆ ಎಂಬುದಷ್ಟೇ ಪ್ರಶ್ನೆಯಾಗಿ ಉಳಿಯುತ್ತದೆ. ರಾಜ್ಯದ ಅಂಗದಾನ ಸಂಸ್ಥೆ ಜೀವಸಾರ್ಥಕತೆಯಲ್ಲಿ ಹೆಸರು ನೋಂದಾಯಿಸಿ ಕಿಡ್ನಿ ಕಸಿಗೆ ಕಾಯುತ್ತಿರುವ ಕಿರಿಯರಿಗೆ ಇನ್ನೊಂದು ಕಾರಣವೂ ಇದೆ: ಹೊಸ ಕಿಡ್ನಿಯನ್ನು ಜೋಡಿಸುವುದು ಕಿಬ್ಬೊಟ್ಟೆಯ ಅಪಧಮನಿಗೆ, ಅದು ಸುಣ್ಣ ಕಟ್ಟಿ ಹೋಗಿದ್ದರೆ ಶಸ್ತ್ರಚಿಕಿತ್ಸೆಯೇ ಕಷ್ಟ.

ಈಗ ಜಿಲ್ಲೆಯ ಮಾತು. ಮನೆಬಾಗಿಲಿಗೇ ಹೋಗಿ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕ್ಯಾನ್ಸರ್ ತಪಾಸಣೆ ಮಾಡುವ ಗೃಹ ಆರೋಗ್ಯ ಯೋಜನೆಗೆ ಸರ್ಕಾರ 2024ರಲ್ಲಿ ಪ್ರಾಯೋಗಿಕವಾಗಿ ಆರಿಸಿಕೊಂಡದ್ದು ನಮ್ಮ ಕೋಲಾರವನ್ನು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರು ನೋಡಿ ಸಲಹೆ ಕೊಡುವ ಏರ್ಪಾಡಿದೆ. ಎರಡೂ ಒಳ್ಳೆಯ ಕೆಲಸಗಳು, ನಮ್ಮ ಊರಿನಲ್ಲಿ ಅವುಗಳಿಂದ ಅನುಕೂಲವಾದವರಿದ್ದಾರೆ. ರೋಗವಿದೆಯೋ ಇಲ್ಲವೋ ಗೊತ್ತಿಲ್ಲದವರ ಮನೆಗೆ ಹುಡುಕಿಕೊಂಡು ಹೋಗುವ ಇಲಾಖೆ, ರೋಗ ಬರುವ ಸಂಭವ ಎಲ್ಲರಿಗಿಂತ ಹೆಚ್ಚಿರುವವರು ತಾನೇ ಹಾಕಿಸಿದ ಕುರ್ಚಿಯಲ್ಲಿ ತಾವಾಗಿ ಬಂದು ನಾಲ್ಕು ಗಂಟೆ ಕಾಲು ಚಾಚಿ ಕೂತಿರುವಾಗ ಆ ಕಾಲನ್ನು ನೋಡುವ ಏರ್ಪಾಡು ಮಾಡುವುದು ಕಷ್ಟವಾಗಲಾರದು.

ನನ್ನ ಕೋರಿಕೆಗಳು ಇಷ್ಟು. ಡಯಾಲಿಸಿಸ್‌ಗೆ ಹೊಸದಾಗಿ ಸೇರುವ ಪ್ರತಿಯೊಬ್ಬರ ಎರಡೂ ಪಾದಗಳ ನಾಡಿ ಮತ್ತು ಚರ್ಮವನ್ನು ಮೊದಲ ವಾರದಲ್ಲಿಯೇ ನೋಡಿ ಬರೆಯಬೇಕು, ಆಮೇಲೆ ತಿಂಗಳಿಗೊಮ್ಮೆ ನೋಡಬೇಕು. ಸಕ್ಕರೆ ಕಾಯಿಲೆ ಇರುವವರಿಗೂ ಈಗಾಗಲೇ ಗಾಯವಾಗಿರುವವರಿಗೂ ಪ್ರತಿ ಸಲ ಸೂಜಿ ಹಾಕುವ ಮುನ್ನ ನೋಡಬೇಕು. ತಾಲ್ಲೂಕು ಕೇಂದ್ರಗಳಿಗೆ ಒಂದೊಂದು ಕೈ ಡಾಪ್ಲರ್ ಕೊಡಬೇಕು. ಹೆರಿಗೆ ವಾರ್ಡಿನಲ್ಲಿರುವ ಡಾಪ್ಲರನ್ನೇ ಎರವಲು ತಂದು ಕೆಲಸ ಮುಗಿಸಬಾರದು. ಮಗುವಿನ ಎದೆಬಡಿತಕ್ಕೆ ಮಾಡಿದ ಅದರ ಪ್ರೋಬ್ 2ರಿಂದ 3 ಮೆಗಾಹರ್ಟ್ಜ್‌ನದು, ಪಾದದ ನಾಳಕ್ಕೆ 8 ಮೆಗಾಹರ್ಟ್ಜ್ ಆಸುಪಾಸಿನದು ಬೇಕು. ಒಂದು ಡಯಾಲಿಸಿಸ್ ಯಂತ್ರದ ಬೆಲೆಯ ಮುಂದೆ ಇದು ಲೆಕ್ಕಕ್ಕೇ ಬಾರದ ಖರ್ಚು. ವರ್ಷಕ್ಕೊಮ್ಮೆ, ಡಯಾಲಿಸಿಸ್ ಶುರುಮಾಡುವುದಕ್ಕೆ ಮೊದಲು, ಫಿಸ್ಟುಲಾ ಇಲ್ಲದ ತೋಳನ್ನು ಬಳಸಿ ಎಬಿಐ ಅಳೆಯಬೇಕು, 0.9ಕ್ಕೆ ಇಳಿದವರನ್ನೂ, 1.4 ದಾಟಿದವರನ್ನೂ, ಅಳತೆ ಸಹಜವಿದ್ದರೂ ನಾಡಿ ಸಿಗದವರನ್ನೂ ಕಾಲ್ಬೆರಳಿನ ಒತ್ತಡ ಮತ್ತು ಡಾಪ್ಲರ್ ಸ್ಕ್ಯಾನಿಗಾಗಿ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೆ ಕಳಿಸುವಂತಾಗಬೇಕು, ಅಲ್ಲಿ ಆ ಸಣ್ಣ ಪಟ್ಟಿ ಮತ್ತು ಸಂವೇದಕವನ್ನು ಒದಗಿಸಬೇಕು. ಮುಳಬಾಗಿಲಿನಿಂದ ಬೆಂಗಳೂರಿಗೆ ಹೋಗಿ ಬರುವುದೆಂದರೆ ರೋಗಿಯ ಒಂದು ಇಡೀ ದಿನ ಹೋಗುತ್ತದೆ, ಜೊತೆಗೆ ಹೋಗುವವರ ಒಂದು ದಿನದ ಕೂಲಿಯೂ ಹೋಗುತ್ತದೆ. ಡಯಾಲಿಸಿಸ್ ದಿನಗಳ ನಡುವೆ ಅಂಥ ದಿನ ಹೊಂದಿಸುವುದು ಎಷ್ಟು ಕಷ್ಟವೆಂದು ಹೊಂದಿಸಿದವರಿಗೇ ಗೊತ್ತು. ಪಕ್ಕದ ಭಂಗಿಯ ಎಕ್ಸ್-ರೇಯನ್ನು ಆರಂಭದಲ್ಲಿ ಒಮ್ಮೆ ತೆಗೆದು, ಇಸಿಜಿ ನೋಡುವ ವ್ಯವಸ್ಥೆಯ ಮಾದರಿಯಲ್ಲಿಯೇ ಚಿತ್ರವನ್ನು ತಜ್ಞರಿಗೆ ಕಳಿಸಿ ಓದಿಸಬಹುದು. ಫಿಸ್ಟುಲಾ ಇರುವ ಕೈಯ ಬೆರಳುಗಳು ತಣ್ಣಗಾಗಿವೆಯೇ, ನೋಯುತ್ತಿವೆಯೇ ಎಂಬ ಒಂದು ಸಾಲನ್ನೂ ಅದೇ ಪುಟಕ್ಕೆ ಸೇರಿಸಬಹುದು.

ಪ್ರಧಾನ ಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ 2016ರಲ್ಲಿ ಆರಂಭವಾದಾಗಿನಿಂದ ಅನೇಕ ಕಡೆ ಯಂತ್ರ ಮತ್ತು ಸಿಬ್ಬಂದಿಯನ್ನು ಖಾಸಗಿ ಸಂಸ್ಥೆಗಳು ಕೊಡುತ್ತವೆ, ಜಾಗ, ನೀರು, ವಿದ್ಯುತ್ತನ್ನು ಸರ್ಕಾರ ಕೊಡುತ್ತದೆ. ಆ ಸಂಸ್ಥೆಗಳಿಗೆ ಹಣ ಸಿಗುವುದು ಎಷ್ಟು ಡಯಾಲಿಸಿಸ್ ಮಾಡಿದರು ಎಂಬ ಲೆಕ್ಕದ ಮೇಲೆ. ಒಪ್ಪಂದದಲ್ಲಿ ಬರೆಯದ ಕೆಲಸವನ್ನು ಸಿಬ್ಬಂದಿ ಒಳ್ಳೆಯತನದಿಂದ ಕೆಲವು ದಿನ ಮಾಡಬಹುದು, ಒಂದು ಪಾಳಿ ಮುಗಿದು ಇನ್ನೊಂದು ಪಾಳಿಯ ರೋಗಿಗಳು ಬಾಗಿಲಲ್ಲಿ ಕಾಯುತ್ತಿರುವಾಗ ಎಷ್ಟು ದಿನ ಮಾಡಿಯಾರು? ಆದ್ದರಿಂದ ಒಪ್ಪಂದ ನವೀಕರಿಸುವಾಗ ಪಾದ ಮತ್ತು ರಕ್ತನಾಳ ತಪಾಸಣೆಯನ್ನು ಸೇವೆಯ ಭಾಗವಾಗಿ ಸೇರಿಸಿ, ಅದಕ್ಕೆ ಬೇಕಾದ ಸಮಯ ಮತ್ತು ಹಣವನ್ನೂ ಕೊಡಬೇಕು. ತರಬೇತಿಯ ವಿಷಯದಲ್ಲಿ ಕೋಲಾರದ ಟಮಕದಲ್ಲಿರುವ ವೈದ್ಯಕೀಯ ಕಾಲೇಜಿನ ನೆರವನ್ನು ಕೇಳಬಹುದು.

ಈ ಪತ್ರ ಓದುವ ರೋಗಿಗಳ ಮನೆಯವರಿಗೂ ಒಂದು ಮಾತು: ವ್ಯವಸ್ಥೆ ಬರುವವರೆಗೆ ಕಾಯಬೇಡಿ. ಇಂದು ರಾತ್ರಿಯೇ ಅವರ ಎರಡೂ ಪಾದಗಳನ್ನು ಬೆಳಕಿನಲ್ಲಿ ನೋಡಿ, ಮುಟ್ಟಿ ನೋಡಿ, ಏನಾದರೂ ಕಂಡರೆ ಮುಂದಿನ ಡಯಾಲಿಸಿಸ್ ದಿನ ಸಾಕ್ಸ್ ಬಿಚ್ಚಿ ವೈದ್ಯರಿಗೆ ತೋರಿಸಿ. ಬಿಸಿನೀರಿನ ಶಾಖ, ಬೆಂಕಿಯ ಕಾವು ಕೊಡಬೇಡಿ. ಜೋಮು ಹಿಡಿದ ಪಾದಕ್ಕೆ ಸುಟ್ಟದ್ದು ತಿಳಿಯುವುದಿಲ್ಲ.

ಮಾನ್ಯ ಜಿಲ್ಲಾ ಆರೋಗ್ಯಾಧಿಕಾರಿಗಳು ಈ ವಿಷಯವನ್ನು ಜಿಲ್ಲೆಯ ಡಯಾಲಿಸಿಸ್ ಕೇಂದ್ರಗಳ ಮುಂದಿನ ಪರಿಶೀಲನಾ ಸಭೆಯ ಕಾರ್ಯಸೂಚಿಗೆ ಸೇರಿಸಬೇಕೆಂದೂ, ಮಾನ್ಯ ಆಯುಕ್ತರು ಈ ತಪಾಸಣೆಯನ್ನು ಮೊದಲು ಕೋಲಾರದಲ್ಲಿ ಒಂದು ವರ್ಷ ನಡೆಸಿ ನೋಡಲು ಅನುಮತಿ ಮತ್ತು ಉಪಕರಣಗಳನ್ನು ನೀಡಬೇಕೆಂದೂ ಕೋರುತ್ತೇನೆ. ಒಂದು ವರ್ಷದ ಕೊನೆಗೆ ಎಷ್ಟು ಜನರನ್ನು ನೋಡಲಾಯಿತು, ಎಷ್ಟು ಮಂದಿಯಲ್ಲಿ ಕಾಯಿಲೆ ಪತ್ತೆಯಾಯಿತು, ಎಷ್ಟು ಪಾದಗಳಿಗೆ ಶಸ್ತ್ರಚಿಕಿತ್ಸೆ ಬೇಕಾಯಿತು ಎಂಬ ಅಂಕಿಗಳನ್ನು ಸಾರ್ವಜನಿಕವಾಗಿ ಪ್ರಕಟಿಸಿದರೆ, ಯೋಜನೆಯನ್ನು ಮುಂದುವರಿಸಬೇಕೋ ತಿದ್ದಬೇಕೋ ಎಂಬುದನ್ನು ಆ ಅಂಕಿಗಳಿಂದಲೇ ತೀರ್ಮಾನಿಸಬಹುದು. ನನ್ನ ತಂದೆಯವರ ಪರೀಕ್ಷಾ ವರದಿಗಳು, ಎಕ್ಸ್-ರೇಗಳು ಮತ್ತು ಪಾದದ ಚಿತ್ರಗಳನ್ನು ಸಿಬ್ಬಂದಿಯ ತರಬೇತಿಗೆ ಬಳಸಿಕೊಳ್ಳಲು ಅವರು ಲಿಖಿತ ಒಪ್ಪಿಗೆ ಕೊಟ್ಟಿದ್ದಾರೆ; ಕೇಳಿದ ದಿನ ನಾನೇ ತಂದು ಕಚೇರಿಗೆ ಒಪ್ಪಿಸುತ್ತೇನೆ.

ಗೌರವಪೂರ್ವಕವಾಗಿ,
ಡಯಾಲಿಸಿಸ್ ರೋಗಿಯೊಬ್ಬರ ಮಗಳು,
ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ,
ಮುಳಬಾಗಿಲು ತಾಲ್ಲೂಕು, ಕೋಲಾರ ಜಿಲ್ಲೆ